ಹುಡುಗಾಟದ ಬೆಂಕಿಯೂ ದಂಡನೆಯ ನೀತಿಯೂ

ಬೆಂಕಿಯು ಒಲೆಯಲ್ಲಿದ್ದರೆ ಅನ್ನವನ್ನು ಬೇಯಿಸುತ್ತದೆ. ಹಣತೆಯಲ್ಲಿದ್ದರೆ ಮನೆಯನ್ನು ಬೆಳಗುತ್ತದೆ. ಅದೇ ಬೆಂಕಿಯು ವಿವೇಕ ಮೂಡದವನ ಕೈಯ ಆಟಿಕೆಯಾದಾಗ ಏನಾಗುವುದೆಂಬುದನ್ನು ಬೆಂಗಳೂರು ನಗರವು ಪ್ರತಿ ವರ್ಷವೂ ನರಕ ಚತುರ್ದಶಿಯಿಂದ ಬಲಿಪಾಡ್ಯಮಿಯವರೆಗಿನ ಮೂರು ದಿನಗಳಲ್ಲಿ ಕಾಣುತ್ತದೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂತಹ ಹಳೆಯ ಬಡಾವಣೆಗಳಲ್ಲಿ ಈ ದಿನಗಳ ಸಂಜೆಗೆ ತನ್ನದೇ ಆದ ಚೆಲುವುಂಟು. ಗೃಹಿಣಿಯರು ಹೊಸ್ತಿಲ ಇಕ್ಕೆಲಗಳಲ್ಲಿ ಹಣತೆಗಳನ್ನು ಸಾಲಾಗಿಡುತ್ತಾರೆ. ಮಕ್ಕಳು ಸುರುಸುರು ಬತ್ತಿಯನ್ನು ಹಿಡಿದು ಅಂಗಳದಲ್ಲಿ ವೃತ್ತಗಳನ್ನು ಬರೆಯುತ್ತಾರೆ. ಹೂಕುಂಡದ ಬೆಳಕು ಎದುರುಮನೆಯ ಗೋಡೆಯ ಮೇಲೆ ಕುಣಿಯುತ್ತದೆ. ಈ ಸಂತೋಷವನ್ನು ಹಳಿಯುವುದು ಯಾರಿಗೂ ಉಚಿತವಲ್ಲ. ಆದರೆ ಅದೇ ಬೀದಿಯ ತಿರುವಿನಲ್ಲಿ ಐದಾರು ತರುಣರು ಗುಂಪಾಗಿ ನಿಂತು, ಬರುವವರನ್ನು ನಿರೀಕ್ಷಿಸುತ್ತಾ, ಬತ್ತಿ ಹೊತ್ತಿಸಿದ ಪಟಾಕಿಯನ್ನು ದಾರಿಹೋಕರ ಕಾಲಡಿಗೆ ಎಸೆಯಲು ಹೊಂಚುತ್ತಿದ್ದರೆ, ಅದನ್ನು ಯಾವ ಹೆಸರಿನಿಂದ ಕರೆಯಬೇಕು?

ರೂಢಿಯಲ್ಲಿ ಅದಕ್ಕೆ ಹುಡುಗಾಟವೆಂದು ಹೆಸರು. ಆ ಒಂದು ಮಾತಿನಿಂದ ಹಿರಿಯರು ಎಷ್ಟೋ ಸಂಗತಿಗಳನ್ನು ಮುಚ್ಚಿಬಿಡುತ್ತಾರೆ. ನಾಯಿಯ ಬಾಲಕ್ಕೆ ಸರಪಟಾಕಿಯನ್ನು ಕಟ್ಟುವುದು, ಮುದುಕರು ಮಲಗಿರುವ ಕೋಣೆಯ ಕಿಟಕಿಯ ಕೆಳಗೆ ಆಟಂಬಾಂಬನ್ನು ಹಚ್ಚುವುದು, ದ್ವಿಚಕ್ರವಾಹನದಲ್ಲಿ ಮಗುವನ್ನು ಕೂರಿಸಿಕೊಂಡು ಹೋಗುವವರ ಮುಂದೆ ಲಕ್ಷ್ಮಿ ಪಟಾಕಿಯನ್ನು ಎಸೆಯುವುದು, ತಗಡಿನ ಡಬ್ಬಿಯನ್ನು ಪಟಾಕಿಯ ಮೇಲೆ ಬೋರಲು ಹಾಕಿ ಅದು ಹಾರುವುದನ್ನು ನೋಡುವುದು, ಇವೆಲ್ಲವೂ ಹುಡುಗಾಟವೇ. ಬಸವನಗುಡಿಯು ತನ್ನ ಹೆಸರನ್ನು ಪಡೆದದ್ದು ದೊಡ್ಡ ಬಸವನಿಂದ. ಬಲಿಪಾಡ್ಯಮಿಯಂದು ದನಕರುಗಳ ಮೈತೊಳೆದು ಪೂಜಿಸುವುದು ನಾಡಿನ ಪದ್ಧತಿ. ಬಸವನ ಹೆಸರಿನ ಊರಿನಲ್ಲಿ, ದನಗಳ ಪೂಜೆಯ ದಿನವೇ, ಬೀದಿಯ ಹಸುವೊಂದು ಪಟಾಕಿಯ ಸದ್ದಿಗೆ ಕಂಗೆಟ್ಟು ಓಡುವುದನ್ನು ನೋಡಿ ನಗುವವರಿದ್ದರೆ, ಪೂಜೆಯು ಎಲ್ಲಿ ಉಳಿಯಿತೆಂದು ಕೇಳಬೇಕಾಗುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯು ಇಂತಹ ನಗುವನ್ನು ಕಂಡೇ ಹುಟ್ಟಿರಬೇಕು.

ಮದ್ದಿನ ಸ್ವಭಾವವನ್ನು ತಿಳಿದವರು ಇದನ್ನು ಆಟವೆನ್ನಲಾರರು. ಅತಿ ನಿರಪಾಯಕರವೆಂದು ತಾಯಂದಿರು ಎಳೆಯರ ಕೈಗೆ ಕೊಡುವ ಸುರುಸುರು ಬತ್ತಿಯ ತುದಿಯ ಶಾಖವೇ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ. ನೀರು ಕುದಿಯುವುದಕ್ಕೆ 100 ಡಿಗ್ರಿ ಸಾಕು. ಬಯಲಿನಲ್ಲಿ ಸಿಡಿದ ಪಟಾಕಿಯ ಶಕ್ತಿಯು ಗಾಳಿಯಲ್ಲಿ ಹಂಚಿಹೋಗುತ್ತದೆ; ಡಬ್ಬಿಯ ಅಥವಾ ಬಾಟಲಿಯ ಒಳಗೆ ಸಿಡಿದಾಗ ಆ ಶಕ್ತಿಯು ಪಾತ್ರೆಯನ್ನೇ ಒಡೆದು ಚೂರುಗಳನ್ನು ಎಸೆಯುತ್ತದೆ. ಆ ಚೂರು ಯಾರ ಕಡೆಗೆ ಹಾರುವುದೆಂಬುದು ಹಚ್ಚಿದವನಿಗೂ ತಿಳಿಯದು. ಚಾಮರಾಜಪೇಟೆಯ ಅಂಚಿನಲ್ಲಿರುವ ಮಿಂಟೋ ಕಣ್ಣಾಸ್ಪತ್ರೆಯು 1896ರಲ್ಲಿ ಆರಂಭವಾದದ್ದು. 1913ರಿಂದ ಈಗಿನ ಕಟ್ಟಡದಲ್ಲಿದೆ. ದೀಪಾವಳಿಯ ರಾತ್ರಿಗಳಲ್ಲಿ ಅಲ್ಲಿಯ ವೈದ್ಯರಿಗೆ ನಿದ್ರೆಯಿಲ್ಲ. ಅಲ್ಲಿಗೆ ಬರುವ ಗಾಯಾಳುಗಳಲ್ಲಿ ಮಕ್ಕಳು ಅನೇಕರು. ಮತ್ತು ಪಟಾಕಿಯನ್ನು ಹಚ್ಚಿದವರು ಮಾತ್ರವಲ್ಲದೆ ದಾರಿಯಲ್ಲಿ ಸುಮ್ಮನೆ ನಡೆದುಹೋಗುತ್ತಿದ್ದವರೂ ನಿಂತು ನೋಡುತ್ತಿದ್ದವರೂ ಹಲವರೆಂಬುದು ನೇತ್ರವೈದ್ಯರು ವರ್ಷವರ್ಷವೂ ಹೇಳುತ್ತ ಬಂದಿರುವ ಮಾತು. ಕಣ್ಣಿನೊಳಗೆ ರಕ್ತ ತುಂಬುವುದುಂಟು; ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವು ಸುಟ್ಟು ಬೆಳ್ಳಗಾಗುವುದುಂಟು; ಹಿಂಬದಿಯ ಅಕ್ಷಿಪಟಲವು ಕಳಚುವುದುಂಟು. ಆ ರಾತ್ರಿ ಉಳಿಯಿತೆಂದುಕೊಂಡ ಕಣ್ಣು ವರ್ಷಗಳ ನಂತರ ಪೊರೆ ಬಂದು ಮಂಜಾಗುವುದೂ ಉಂಟು. ಎಸೆದವನ ನಗುವು ಅರೆನಿಮಿಷದ್ದು.

ಇದಕ್ಕಿಂತ ಘೋರವಾದ ಸಂಗತಿಯೊಂದು ಈ ನಗರದಲ್ಲಿಯೇ ನಡೆಯಿತು. 2024ರ ಅಕ್ಟೋಬರ್ 31ರ ದೀಪಾವಳಿಯ ರಾತ್ರಿ, ಬಸವನಗುಡಿಯಿಂದ ದಕ್ಷಿಣಕ್ಕೆ ಕನಕಪುರ ರಸ್ತೆಯ ಕಡೆಗಿರುವ ಕೋಣನಕುಂಟೆಯಲ್ಲಿ, ಮೂವತ್ತೆರಡು ವರ್ಷದ ಒಬ್ಬನು ಗೆಳೆಯರ ನಡುವೆ ಪಂಥಕ್ಕೆ ಬಿದ್ದನು. ಪಟಾಕಿಯನ್ನು ಒಳಗಿಟ್ಟ ಪೆಟ್ಟಿಗೆಯ ಮೇಲೆ ಕುಳಿತು ತೋರಿಸಿದರೆ ಅವನಿಗೊಂದು ಆಟೋರಿಕ್ಷಾ ಕೊಡಿಸುವೆವೆಂದು ಗೆಳೆಯರು ಹೇಳಿದ್ದರೆಂದು ವರದಿಗಳು ಹೇಳಿದವು. ಅವನು ಕುಳಿತನು. ಗೆಳೆಯರು ಬತ್ತಿಗೆ ಬೆಂಕಿ ತಾಗಿಸಿ ದೂರ ಓಡಿದರು. ಬೀದಿಯ ಕ್ಯಾಮೆರಾವು ಎಲ್ಲವನ್ನೂ ದಾಖಲಿಸಿತು. ಸ್ಫೋಟದಲ್ಲಿ ತೀವ್ರವಾಗಿ ಗಾಯಗೊಂಡ ಅವನು ನವೆಂಬರ್ 2ರಂದು ಆಸ್ಪತ್ರೆಯಲ್ಲಿ ಅಸುನೀಗಿದನು. ಆರು ಮಂದಿಯನ್ನು ಪೊಲೀಸರು ಬಂಧಿಸಿದರು.

ಈ ಘಟನೆಯಲ್ಲಿ ಶರಣ ಮಾರ್ಗವನ್ನು ಬಲ್ಲವರ ಎದೆಯನ್ನು ಇರಿಯಬೇಕಾದ ಅಂಶವೊಂದುಂಟು. ಆಟೋರಿಕ್ಷಾ ಎಂಬುದು ಆಭರಣವಲ್ಲ, ವಿಲಾಸದ ವಸ್ತುವಲ್ಲ. ಅದೊಂದು ದುಡಿಮೆಯ ಸಾಧನ. ಅದನ್ನು ಓಡಿಸಿ ಬೆಂಗಳೂರಿನಲ್ಲಿ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಕಾಯಕದ ಸಾಧನವನ್ನು ಬಲೆಯ ಮೇವಾಗಿಟ್ಟು ಒಬ್ಬನ ಪ್ರಾಣವನ್ನು ಆಟಕ್ಕೊಡ್ಡಿದರು. ಆ ಆರು ಮಂದಿಯು ಅವನನ್ನು ಕೊಲ್ಲಬೇಕೆಂದು ಬಯಸಿದ್ದರೆಂದು ಯಾರೂ ಹೇಳಲಾರರು. ಸ್ಫೋಟವಾದೊಡನೆ ಅವರು ಮರಳಿ ಅವನ ಸುತ್ತ ನೆರೆದದ್ದೂ ಅದೇ ಕ್ಯಾಮೆರಾದಲ್ಲಿ ಕಂಡಿತು. ದ್ವೇಷವಿಲ್ಲದೆ, ಉದ್ದೇಶವಿಲ್ಲದೆ, ನಗುನಗುತ್ತಲೇ ಒಂದು ಜೀವವನ್ನು ಕಳೆಯಬಹುದೆಂಬುದೇ ಇಲ್ಲಿಯ ಭಯಂಕರವಾದ ಸತ್ಯ. ಕೊಲ್ಲಬಾರದೆಂದು ಬಸವಣ್ಣನವರು ವಿಧಿಸಿದ್ದನ್ನು ದಿನವೂ ಬಾಯಿಪಾಠವಾಗಿ ಹೇಳುವ ಮನೆಯ ಹುಡುಗನೂ, ತಾನು ಕೊಲ್ಲುತ್ತಿದ್ದೇನೆಂಬ ಅರಿವಿಲ್ಲದೆ ಕೊಲ್ಲಬಹುದು. ಆದುದರಿಂದ ಮದ್ದಿನ ಮುಂದೆ ನಿಂತವನಿಗೆ ಮನಸ್ಸಿನಲ್ಲಿ ದ್ವೇಷವಿಲ್ಲದಿರುವುದೊಂದೇ ಸಾಲದು. ಪರರ ದೇಹದ ಮೇಲೆ ಗಮನವಿರಬೇಕು. ದಯೆಯೆಂಬುದು ಕೇವಲ ಮೃದುವಾದ ಭಾವನೆಯಲ್ಲ, ಅದೊಂದು ಎಚ್ಚರ.

ಹಾಗಾದರೆ ಇಂತಹ ಆಟವಾಡಿದ ಹುಡುಗನನ್ನು ದಂಡಿಸುವುದು ಹೇಗೆ? ಪ್ರಶ್ನೆಯು ಸುಲಭವಾಗಿ ಕಾಣುತ್ತದೆ, ಆದರೆ ಸುಲಭವಾದುದಲ್ಲ. ಕೋಣನಕುಂಟೆಯಂತಹ ಪ್ರಕರಣವು ನ್ಯಾಯಾಲಯಕ್ಕೆ ಸೇರಿದ್ದು. ಗೃಹಸ್ಥರ ಮುಂದೆ ಬರುವುದು ಅದಕ್ಕಿಂತ ಸಣ್ಣದಾದ, ಆದರೆ ಅದೇ ಬೇರಿನಿಂದ ಹುಟ್ಟಿದ ತಪ್ಪು: ಹದಿಮೂರು ಹದಿನಾಲ್ಕರ ಮಗನು ಎಸೆದ ಪಟಾಕಿಯಿಂದ ನೆರೆಯವರೊಬ್ಬರಿಗೆ ಪೆಟ್ಟಾಗಿದೆ, ಬಾಗಿಲಲ್ಲಿ ಜನ ಕೂಡಿದ್ದಾರೆ, ತಂದೆಯು ಈಗ ಏನು ಮಾಡಬೇಕು?

ಇಂತಹ ಗಳಿಗೆಯಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡರಲ್ಲಿ ಒಂದು. ಒಂದನೆಯದು, ತಂದೆಯು ಎಲ್ಲರೆದುರಿಗೆ ಮಗನನ್ನು ಹಿಡಿದು ಬಡಿಯುವುದು. ನೋಡಿದವರು ತೃಪ್ತರಾಗಿ ಚದುರುತ್ತಾರೆ. ಆದರೆ ಆ ಹೊಡೆತದಲ್ಲಿ ಎಷ್ಟು ಪಾಲು ಮಗನ ತಿದ್ದುವಿಕೆಗಾಗಿ, ಎಷ್ಟು ಪಾಲು ತನ್ನ ಮಾನವನ್ನು ಉಳಿಸಿಕೊಳ್ಳುವುದಕ್ಕಾಗಿ ಎಂಬುದನ್ನು ತಂದೆಯು ರಾತ್ರಿ ಒಬ್ಬನೇ ಕುಳಿತಾಗ ಯೋಚಿಸಬೇಕು. ಬಸವಣ್ಣನವರು ಕೋಪವನ್ನು ಮನೆಯೊಳಗಿನ ಕಿಚ್ಚಿಗೆ ಹೋಲಿಸಿ, ಅದರ ಮೊದಲ ಆಹುತಿ ಪರರಲ್ಲ, ಕೋಪಗೊಂಡವನೇ ಎಂದು ತೋರಿಸಿಕೊಟ್ಟಿದ್ದಾರೆ. ಬೆಂಕಿಯೊಡನೆ ಆಡಿದ ಮಗನನ್ನು ತಿದ್ದಲು ಹೊರಟ ತಂದೆಯು ತಾನೇ ಇನ್ನೊಂದು ಬೆಂಕಿಯನ್ನು ಹಚ್ಚಿದರೆ, ಆ ಮನೆಯಲ್ಲಿ ಪಟಾಕಿಯ ಸಂಖ್ಯೆ ಒಂದಕ್ಕೆ ಎರಡಾಗುತ್ತದೆ, ಅಷ್ಟೇ. ಪೆಟ್ಟು ತಿಂದ ಹುಡುಗನ ಮನಸ್ಸೆಲ್ಲವೂ ತನ್ನ ಬೆನ್ನಿನ ನೋವಿನ ಕಡೆಗೆ ತಿರುಗುತ್ತದೆ. ಆಸ್ಪತ್ರೆಯಲ್ಲಿ ಮಲಗಿರುವವರ ನೋವು ಅವನ ನೆನಪಿನಿಂದ ಜಾರಿಹೋಗುತ್ತದೆ. ತಾನೇ ಅನ್ಯಾಯಕ್ಕೆ ಒಳಗಾದವನೆಂದು ಅವನು ಭಾವಿಸತೊಡಗುತ್ತಾನೆ. ಮುಂದಿನ ವರ್ಷ ಅವನು ಕಲಿತಿರುವ ಪಾಠವೆಂದರೆ ಸಿಕ್ಕಿಬೀಳಬಾರದೆಂಬುದು.

ಹತ್ತು ಜನರ ಮುಂದೆ ಅವಮಾನಪಡಿಸುವುದು ಇದರದೇ ಇನ್ನೊಂದು ರೂಪ. ಇಂದು ಅದಕ್ಕೆ ಕೈಫೋನಿನ ಚಿತ್ರವೂ ಸೇರಿಕೊಂಡಿದೆ. ಹುಡುಗನನ್ನು ನಿಲ್ಲಿಸಿ ಕ್ಷಮೆ ಕೇಳಿಸಿ, ಆ ಚಿತ್ರವನ್ನು ಊರಿಗೆಲ್ಲ ಹಂಚುವವರುಂಟು. ದಂಡನೆಯನ್ನು ನೋಟವನ್ನಾಗಿ ಮಾಡಿದರೆ ಏನಾಗುವುದೆಂಬುದನ್ನು ಶರಣ ಪರಂಪರೆಯು ಮರೆಯುವಂತಿಲ್ಲ. ಹರಳಯ್ಯ ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾದದ್ದು ಊರವರೆಲ್ಲ ನೋಡಲೆಂದೇ. ಅವರು ಮಾಡಿದ್ದು ತಪ್ಪಲ್ಲ, ಇಲ್ಲಿಯ ಹುಡುಗನು ಮಾಡಿದ್ದು ತಪ್ಪು. ಈ ವ್ಯತ್ಯಾಸವು ದೊಡ್ಡದು. ಆದರೂ ನೋಡಿ ದಣಿಯುವ ಕಣ್ಣುಗಳಿಗಾಗಿ ವಿಧಿಸಿದ ಶಿಕ್ಷೆಯು ಯಾರನ್ನೂ ತಿದ್ದದೆಂಬುದಕ್ಕೆ ಕಲ್ಯಾಣದ ಆ ದಿನಗಳೇ ಸಾಕ್ಷಿ.

ಎರಡನೆಯ ಬಗೆಯು ಇದಕ್ಕೆ ವಿರುದ್ಧವಾದದ್ದು; ಸುಶಿಕ್ಷಿತರ ಮನೆಗಳಲ್ಲಿ ಇದೇ ಹೆಚ್ಚು. ಗಾಯಾಳುವಿನ ಮನೆಗೆ ಮಧ್ಯವರ್ತಿಯೊಬ್ಬರನ್ನು ಕಳುಹಿಸಿ, ಆಸ್ಪತ್ರೆಯ ಖರ್ಚಿಗೆ ಒಂದಿಷ್ಟು ಹಣವನ್ನು ಕೊಟ್ಟು, ಹುಡುಗನನ್ನು ಹಿಂಬಾಗಿಲಿನಿಂದ ಅಜ್ಜಿಯ ಊರಿಗೆ ಸಾಗಿಸಿಬಿಡುವುದು. ಪರೀಕ್ಷೆಯಿದೆ, ಭವಿಷ್ಯ ಹಾಳಾಗುತ್ತದೆ, ಅವನಿಗೇನು ತಿಳಿದೀತು, ಎಂಬ ಮಾತುಗಳು ಆಗ ಕೇಳಿಬರುತ್ತವೆ. ಕ್ಷಮೆಯೇ ದೊಡ್ಡದೆಂದು ಧರ್ಮದ ಮಾತೂ ಬರುತ್ತದೆ. ಬಸವಣ್ಣನವರ ಮನೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯಿಯನ್ನಗಲಿದ ಕರುಗಳನ್ನೂ ಅವರಿಗೆ ಒಪ್ಪಿಸಿರೆಂದು ಅಣ್ಣನವರು ಹೇಳಿದ ಕಥೆಯನ್ನು ಕೆಲವರು ಇಲ್ಲಿ ನೆನಪಿಸಬಹುದು. ಆ ಕಥೆಯ ಮರ್ಮವನ್ನು ಎಚ್ಚರದಿಂದ ನೋಡಬೇಕು. ಅಣ್ಣನವರು ಬಿಟ್ಟುಕೊಟ್ಟದ್ದು ತಮ್ಮ ಹಸುವನ್ನು, ನೆರೆಯವನ ಹಸುವನ್ನಲ್ಲ. ತನಗಾದ ನಷ್ಟವನ್ನು ಕ್ಷಮಿಸುವ ಅಧಿಕಾರವು ಪ್ರತಿಯೊಬ್ಬನಿಗೂ ಉಂಟು. ಪರರಿಗಾದ ನಷ್ಟವನ್ನು ಕ್ಷಮಿಸುವ ಅಧಿಕಾರವನ್ನು ತಂದೆಗೆ ಯಾರು ಕೊಟ್ಟರು? ಕಣ್ಣಿಗೆ ಪೆಟ್ಟು ಬಿದ್ದಿರುವುದು ಎದುರುಮನೆಯವರಿಗೆ. ಕ್ಷಮಿಸುವುದಾದರೆ ಅವರು ಕ್ಷಮಿಸಬೇಕು. ಮಗನ ತಪ್ಪನ್ನು ತಂದೆಯೇ ಮನ್ನಿಸಿಬಿಡುವುದೆಂದರೆ ಪರರ ಹಣವನ್ನು ತೆಗೆದು ದಾನಮಾಡಿದಂತೆ.

ಹೊಡೆಯುವುದೂ ಅಡಗಿಸುವುದೂ ಮೇಲ್ನೋಟಕ್ಕೆ ವಿರುದ್ಧವಾಗಿ ಕಂಡರೂ ಒಂದು ವಿಷಯದಲ್ಲಿ ಎರಡೂ ಒಂದೇ. ಎರಡರಲ್ಲಿಯೂ ಹುಡುಗನು ಗಾಯಗೊಂಡವರ ಮುಖವನ್ನು ನೋಡುವುದಿಲ್ಲ.

ನಾಡಿನ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು. ದೀಪಾವಳಿಯಂದು ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ, ಅದೂ ಕಡಿಮೆ ಮಾಲಿನ್ಯದ ಹಸಿರು ಪಟಾಕಿಗಳನ್ನು ಮಾತ್ರ ಸುಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 288ನೆಯ ಕಲಮಿನಂತೆ, ಸ್ಫೋಟಕ ವಸ್ತುವನ್ನು ಪರರ ಪ್ರಾಣಕ್ಕೆ ಅಪಾಯವಾಗುವಂತೆ ದುಡುಕಿನಿಂದಲೋ ಅಲಕ್ಷ್ಯದಿಂದಲೋ ಬಳಸಿದವನಿಗೆ ಆರು ತಿಂಗಳವರೆಗೆ ಕಾರಾವಾಸವನ್ನಾಗಲಿ, 5000 ರೂಪಾಯಿಗಳವರೆಗೆ ಜುಲ್ಮಾನೆಯನ್ನಾಗಲಿ, ಎರಡನ್ನೂ ಆಗಲಿ ವಿಧಿಸಬಹುದು. ಏಳು ವರ್ಷ ತುಂಬದ ಮಗುವಿನ ಕೃತ್ಯವನ್ನು ಕಾನೂನು ಅಪರಾಧವೆಂದೇ ಎಣಿಸುವುದಿಲ್ಲ. ಏಳರಿಂದ ಹನ್ನೆರಡರವರೆಗೆ ಮಗುವಿನ ತಿಳಿವಳಿಕೆಯ ಬಲಿತತನವನ್ನು ನೋಡಿ ನಿರ್ಣಯಿಸುತ್ತದೆ. ಹದಿನೆಂಟು ತುಂಬದವರು 2015ರ ಬಾಲನ್ಯಾಯ ಅಧಿನಿಯಮದ ಕೆಳಗೆ ಬರುತ್ತಾರೆ. ಅಲ್ಲಿ ಒಬ್ಬ ನ್ಯಾಯಾಧೀಶರೂ ಇಬ್ಬರು ಸಮಾಜಸೇವಕರೂ ಕೂಡಿದ ಮಂಡಲಿಯು ಹುಡುಗನಿಗೆ ಬುದ್ಧಿವಾದ ಹೇಳಿ ಮನೆಗೆ ಕಳುಹಿಸಬಹುದು, ಸಮುದಾಯ ಸೇವೆಯನ್ನು ವಿಧಿಸಬಹುದು, ಹುಡುಗನಿಂದಲೋ ತಂದೆತಾಯಿಗಳಿಂದಲೋ ಜುಲ್ಮಾನೆಯನ್ನು ಕಟ್ಟಿಸಬಹುದು. ಶಾಲೆಯ ಉಪಾಧ್ಯಾಯರು ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಪೀಡಿಸುವುದನ್ನೂ 2009ರ ಶಿಕ್ಷಣ ಹಕ್ಕಿನ ಅಧಿನಿಯಮವು ನಿಷೇಧಿಸಿದೆ. ಇವು ಬೇಕಾದ ವಿಧಿಗಳೇ. ಆದರೆ ಬೀದಿಯ ತಿರುವಿನಲ್ಲಿ ನಡೆದ ಪ್ರತಿಯೊಂದು ತಪ್ಪಿಗೂ ಠಾಣೆಯ ಮೆಟ್ಟಿಲನ್ನು ಹತ್ತಲಾಗದು. ಹತ್ತಿದರೂ ಜುಲ್ಮಾನೆಯು ಸರ್ಕಾರದ ಬೊಕ್ಕಸಕ್ಕೆ ಸೇರುವುದೇ ಹೊರತು ಗಾಯಗೊಂಡವರ ಮನೆಯ ಬಾಗಿಲಿಗೆ ತಾನಾಗಿ ಬರುವುದಿಲ್ಲ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಬೇಕು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಕೆಯ ಪತಿ ಮಾರಯ್ಯನವರ ಕಾಯಕ. ಒಂದು ದಿನ ಅವರು ಬೇಕಾದುದಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದರು. ಲಕ್ಕಮ್ಮನವರು ಪತಿಯನ್ನು ನಿಂದಿಸಿ ಕೂಗಾಡಲಿಲ್ಲ. ಆದದ್ದಾಯಿತು, ಬೇಯಿಸೋಣವೆಂದೂ ಹೇಳಲಿಲ್ಲ. ಹೆಚ್ಚಾದುದನ್ನು ಬೇರೆ ಯಾರಿಗೋ ದಾನಮಾಡಿ ಪುಣ್ಯ ಗಳಿಸೋಣವೆಂದೂ ಹೇಳಲಿಲ್ಲ. ತಂದ ಅಂಗಳಕ್ಕೇ ಹಿಂದಿರುಗಿ ಅದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದರು. ಈ ಕಥೆಯನ್ನು ಅಪರಿಗ್ರಹದ ನಿದರ್ಶನವಾಗಿ ಎಲ್ಲರೂ ಹೇಳುತ್ತಾರೆ. ತಪ್ಪನ್ನು ತಿದ್ದುವ ಕ್ರಮದ ನಿದರ್ಶನವಾಗಿಯೂ ಇದು ಅಷ್ಟೇ ದೊಡ್ಡದು. ತಪ್ಪು ಎಲ್ಲಿ ನಡೆಯಿತೋ ಅಲ್ಲಿಗೇ, ತಪ್ಪು ಮಾಡಿದವನೇ, ತನ್ನ ಕಾಲಿನಿಂದಲೇ ನಡೆದು ಹೋಗಬೇಕು. ಮಗನು ನೆರೆಯವರಿಗೆ ಘಾಸಿ ಮಾಡಿದಾಗ ದೇವರಿಗೆ ಹರಕೆ ಹೊತ್ತು, ಮಠಕ್ಕೆ ಕಾಣಿಕೆ ಸಲ್ಲಿಸಿ ಮನಸ್ಸನ್ನು ಹಗುರ ಮಾಡಿಕೊಳ್ಳುವ ಭಕ್ತರಿದ್ದಾರೆ. ಲಕ್ಕಮ್ಮನವರ ಲೆಕ್ಕದಲ್ಲಿ ಅದು ಅಕ್ಕಿಯನ್ನು ಬೇರೆಯ ಅಂಗಳದಲ್ಲಿ ಸುರಿದಂತೆ.

ಆಶ್ಚರ್ಯದ ಸಂಗತಿಯೆಂದರೆ ಸಾಗರದಾಚೆಯ ದೇಶವೊಂದರಲ್ಲಿ, ಶರಣರ ಹೆಸರನ್ನೇ ಕೇಳದವರು, ಇದೇ ದಾರಿಗೆ ಬಂದು ಮುಟ್ಟಿದರು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಲ್ಮೈರಾ ಎಂಬ ಸಣ್ಣ ಊರಿನಲ್ಲಿ 1974ರಲ್ಲಿ ಇಬ್ಬರು ತರುಣರು ಕುಡಿದ ಅಮಲಿನಲ್ಲಿ ಒಂದೇ ರಾತ್ರಿ ಇಪ್ಪತ್ತೆರಡು ಕಡೆ ಆಸ್ತಿಯನ್ನು ಹಾಳುಮಾಡಿದರು. ಅವರನ್ನು ಸೆರೆಮನೆಗೆ ನೂಕುವ ಬದಲು, ನಷ್ಟ ಅನುಭವಿಸಿದವರ ಮುಂದೆ ನಿಲ್ಲಿಸಬಾರದೇಕೆ ಎಂದು ಅವರ ಮೇಲ್ವಿಚಾರಣೆಯ ಅಧಿಕಾರಿಯೊಬ್ಬರು ನ್ಯಾಯಾಲಯಕ್ಕೆ ಸೂಚಿಸಿದರು; ನ್ಯಾಯಾಧೀಶರು ಒಪ್ಪಿದರು. ಆ ಇಬ್ಬರು ಬಾಗಿಲಿಂದ ಬಾಗಿಲಿಗೆ ಹೋಗಿ, ತಾವೇ ಮಾಡಿದವರೆಂದು ಹೇಳಿ, ನಷ್ಟದ ಲೆಕ್ಕವನ್ನು ಕೇಳಿ ಬರೆದುಕೊಂಡು, ದುಡಿದು ಹಣವನ್ನು ತೀರಿಸಿದರು. ಸೆರೆಮನೆಯ ಗೋಡೆಗಿಂತ ಆ ಬಾಗಿಲುಗಳ ಮುಂದೆ ನಿಲ್ಲುವುದೇ ಕಠಿನವಾಗಿದ್ದಿರಬೇಕು. ಅಲ್ಲಿಂದ ಹರಡಿದ ಆ ಕ್ರಮವು ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ನ್ಯೂಜಿಲೆಂಡ್ ದೇಶವು 1989ರಲ್ಲಿ ಬೇರೆಯದೇ ದಾರಿಯಿಂದ, ತಪ್ಪು ಮಾಡಿದ ಬಾಲಕನ ಕುಟುಂಬವೂ ನೊಂದವರೂ ಒಂದೆಡೆ ಕೂತು ಮುಂದಿನದನ್ನು ನಿರ್ಣಯಿಸುವ ಪದ್ಧತಿಯನ್ನು ಕಾನೂನಾಗಿಯೇ ಮಾಡಿತು.

ಬೆಂಗಳೂರಿನ ಬೀದಿಯಲ್ಲಿ ಇದು ಹೇಗೆ ನಡೆದೀತು? ಮಲ್ಲೇಶ್ವರದ ಒಂದು ಅಡ್ಡರಸ್ತೆಯನ್ನು ಭಾವಿಸಬಹುದು. ಅಮಾವಾಸ್ಯೆಯ ಸಂಜೆ ತರಕಾರಿಯ ಚೀಲವನ್ನು ಹಿಡಿದು ಬರುತ್ತಿದ್ದ ನಿವೃತ್ತ ಗುಮಾಸ್ತರೊಬ್ಬರ ಮುಂದೆ ಹುಡುಗನೊಬ್ಬನು ಪಟಾಕಿಯನ್ನು ಎಸೆಯುತ್ತಾನೆ. ಅವರು ಬೆದರಿ ಹಿಂದಕ್ಕೆ ಸರಿದು ಬೀಳುತ್ತಾರೆ. ಮಣಿಕಟ್ಟು ಮುರಿಯುತ್ತದೆ, ಕಿಡಿ ತಾಗಿ ಕಣ್ಣು ಕೆಂಪಾಗುತ್ತದೆ. ತಂದೆಯಾದವನು ಮೊದಲು ಮಾಡಬೇಕಾದದ್ದು ಮಗನನ್ನು ಹುಡುಕುವುದಲ್ಲ. ಬಿದ್ದವರನ್ನು ಎತ್ತುವುದು, ಕಣ್ಣನ್ನು ಉಜ್ಜಲು ಬಿಡದೆ ಆಸ್ಪತ್ರೆಗೆ ಕರೆದೊಯ್ಯುವುದು. ಮಗನೂ ಆ ವಾಹನದಲ್ಲಿಯೇ ಕುಳಿತು ಬರಬೇಕು. ಆಸ್ಪತ್ರೆಯ ಬೆಂಚಿನ ಮೇಲೆ ಆ ರಾತ್ರಿಯಿಡೀ ಅವನು ಕಾಯಬೇಕು; ತನ್ನಂತಹ ಎಷ್ಟು ಮಕ್ಕಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹೊರಬರುತ್ತಾರೆಂಬುದನ್ನು ನೋಡಬೇಕು. ಅಲ್ಲಿ ಯಾರೂ ಅವನಿಗೆ ಉಪದೇಶ ಮಾಡಬೇಕಾಗಿಲ್ಲ. ಮುಂದಿನ ವಾರಗಳಲ್ಲಿ, ಬಲಗೈಗೆ ಕಟ್ಟು ಹಾಕಿರುವ ಆ ಹಿರಿಯರ ಮನೆಗೆ ತರಕಾರಿಯನ್ನು ತಂದುಕೊಡುವ, ಔಷಧದ ಅಂಗಡಿಗೆ ಹೋಗಿಬರುವ, ಕಣ್ಣು ತಿಳಿಯಾಗುವವರೆಗೆ ದಿನಪತ್ರಿಕೆಯನ್ನು ಓದಿಹೇಳುವ ಕೆಲಸವು ಅವನದು. ವೈದ್ಯರ ವೆಚ್ಚವನ್ನು ತಂದೆಯು ಕೊಟ್ಟರೂ, ಅದರಲ್ಲೊಂದು ಪಾಲು ಮಗನ ಸಂತೋಷದಿಂದಲೇ ಕಳೆಯಬೇಕು: ಕೊಳ್ಳಬೇಕೆಂದಿದ್ದ ಸೈಕಲ್ಲು ಈ ವರ್ಷ ಇಲ್ಲ.

ಇನ್ನೊಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ಪಟಾಕಿಯ ತಂಟೆಕೋರರಿಗೆ ಬೀದಿಯನ್ನು ಗುಡಿಸುವ ಶಿಕ್ಷೆಯನ್ನು ಕೊಡಬೇಕೆಂದು ಹೇಳುವವರುಂಟು. ಗುಡಿಸಲಿ, ತಪ್ಪಿಲ್ಲ, ಆದರೆ ಯಾವ ಭಾವದಿಂದ? ಶಿವಭಕ್ತರ ಅಂಗಳವನ್ನು ಗುಡಿಸುವುದನ್ನೇ ಕಾಯಕವಾಗಿ ಹಿಡಿದ ಸತ್ಯಕ್ಕನವರು ಶರಣರ ಸಾಲಿನಲ್ಲಿ ಬೆಳಗಿದವರು. ಗುಡಿಸುವುದು ಕೀಳಾದುದರಿಂದ ಅದನ್ನು ಶಿಕ್ಷೆಯಾಗಿ ಕೊಡುತ್ತೇವೆಂಬ ಭಾವವು ದಂಡಿಸುವವನ ಮನಸ್ಸಿನಲ್ಲಿದ್ದರೆ, ಹುಡುಗನ ತಪ್ಪಿಗಿಂತ ಅದೇ ದೊಡ್ಡ ತಪ್ಪಾಗುತ್ತದೆ. ಬೀದಿಯಲ್ಲಿ ದಿನವೂ ಅದೇ ಕೆಲಸವನ್ನು ಮಾಡುವ ಪೌರಕಾರ್ಮಿಕರಿಗೆ ಅದು ಮುಖಭಂಗ. ಹಬ್ಬದ ಮರುದಿನ ಬೆಳಗಿನ ಜಾವ ರಾಶಿರಾಶಿ ಕಾಗದದ ಚೂರುಗಳನ್ನು, ನಡುನಡುವೆ ಸಿಡಿಯದೆ ಉಳಿದ ಪಟಾಕಿಗಳನ್ನು, ಕೈಯಿಂದಲೇ ಎತ್ತುವವರು ಅವರು. ಹುಡುಗನು ಪೊರಕೆ ಹಿಡಿಯುವುದಾದರೆ, ತನ್ನಿಂದ ಅವರ ಮೇಲೆ ಬಿದ್ದ ಹೊರೆಯನ್ನು ತಾನು ಹೊತ್ತುಕೊಳ್ಳುತ್ತಿದ್ದೇನೆಂಬ ತಿಳಿವಿನಿಂದ, ಅವರ ಪಕ್ಕದಲ್ಲಿ ನಿಂತು ಹಿಡಿಯಬೇಕು. ಅದೇ ಪೊರಕೆ, ಅದೇ ಬೀದಿ. ಭಾವವು ಮಾತ್ರ ಬೇರೆ. ಆ ಭಾವದಲ್ಲಿಯೇ ಎಲ್ಲವೂ ಇದೆ.

ದಂಡನೆಯ ಲೆಕ್ಕದಲ್ಲಿ ಹುಡುಗನೊಬ್ಬನ ಹೆಸರನ್ನೇ ಬರೆದು ಮುಗಿಸುವಂತೆಯೂ ಇಲ್ಲ. ಪಟಾಕಿಯನ್ನು ಕೊಂಡು ಕೊಟ್ಟವರು ಯಾರು? ಬಡಾವಣೆಯ ಮೈದಾನದ ತಾತ್ಕಾಲಿಕ ಅಂಗಡಿಯಿಂದ ಚೀಲ ತುಂಬ ತಂದು, ಹೋಗಿ ಹೊಡೆದುಕೋ ಎಂದು ಹೇಳಿ, ತಾನು ಒಳಗೆ ಕುಳಿತು ಟೀವಿ ನೋಡಿದ ತಂದೆಗೆ ಪಾಲಿಲ್ಲವೇ? ಲೋಕದ ಡೊಂಕನ್ನು ತಿದ್ದುವ ಮೊದಲು ತನ್ನ ತನುಮನಗಳನ್ನು ಸರಿಪಡಿಸಿಕೊಳ್ಳಬೇಕೆಂದು ಅಣ್ಣನವರು ಬೋಧಿಸಿದ್ದನ್ನು ಮಗನಿಗೆ ಓದಿಹೇಳುವ ಮುಂಚೆ ತಂದೆಯು ತಾನೇ ಓದಿಕೊಳ್ಳಬೇಕು. ಮಗನೊಡನೆ ನೆರೆಯವರ ಬಾಗಿಲಿಗೆ ಹೋದಾಗ, ಮಗನ ತಪ್ಪಿಗಾಗಿ ಮಾತ್ರವಲ್ಲ, ತನ್ನ ಅಲಕ್ಷ್ಯಕ್ಕಾಗಿಯೂ ತಂದೆಯು ಮಗನೆದುರಿನಲ್ಲಿ ಕ್ಷಮೆ ಕೇಳಿದರೆ, ಆ ಒಂದು ಕ್ಷಣವು ಹುಡುಗನ ಮನಸ್ಸಿನಲ್ಲಿ ನೂರು ಪೆಟ್ಟಿಗಿಂತ ಆಳವಾಗಿ ಇಳಿಯುತ್ತದೆ.

ಮತ್ತೆ, ನಕ್ಕವರು? ತಂಟೆಯ ಆಟಕ್ಕೆ ನೋಡುವವರು ಬೇಕು. ಒಬ್ಬಂಟಿಯಾಗಿರುವ ಹುಡುಗನು ದಾರಿಹೋಕರ ಮೇಲೆ ಪಟಾಕಿಯನ್ನು ಎಸೆಯುವುದು ಅಪರೂಪ. ಗೆಳೆಯರ ನಗುವೇ ಅವನ ಕೈಯ ಬತ್ತಿಗೆ ತಾಗುವ ಕಿಡಿ. ಕೋಣನಕುಂಟೆಯಲ್ಲಿ ಪೆಟ್ಟಿಗೆಯ ಮೇಲೆ ಕುಳಿತವನನ್ನು ಕೂರಿಸಿದ್ದು ಪಟಾಕಿಯಲ್ಲ, ಸುತ್ತ ನಿಂತವರ ಉತ್ಸಾಹ. ಆ ಗುಂಪಿನಲ್ಲಿ ಒಬ್ಬನಾದರೂ, ಬೇಡ, ಏಳು, ಎಂದು ಅವನ ತೋಳನ್ನು ಹಿಡಿದೆಳೆದಿದ್ದರೆ ಒಂದು ಜೀವವು ಉಳಿಯುತ್ತಿತ್ತು. ಆದುದರಿಂದ ಎಸೆದವನು ಆಸ್ಪತ್ರೆಯ ಬೆಂಚಿನ ಮೇಲೆ ಕೂರುವಾಗ, ನಕ್ಕವರೂ ಅವನ ಪಕ್ಕದಲ್ಲಿ ಕೂರುವುದು ನ್ಯಾಯ. ತಮ್ಮ ಮಗನು ಬರಿದೆ ನೋಡುತ್ತಿದ್ದನೆಂದು ಹೇಳಿ ಬಾಗಿಲು ಹಾಕಿಕೊಳ್ಳುವ ತಾಯಿತಂದೆಯರಿಗೆ ಈ ಮಾತು ಕಹಿಯಾಗಿ ಕಂಡೀತು.

ಕೊನೆಗೆ ಉಳಿಯುವುದು ಎಲ್ಲಕ್ಕಿಂತ ಕಠಿನವಾದ ಭಾಗ. ಮಾರಯ್ಯನವರು ಅಕ್ಕಿಯನ್ನು ಹಿಂದಕ್ಕೆ ಸುರಿಯಬಲ್ಲವರಾಗಿದ್ದರು. ಮುರಿದ ಮಣಿಕಟ್ಟು ಕೂಡಿಕೊಳ್ಳುತ್ತದೆ. ಹೋದ ಕಣ್ಣನ್ನು ಯಾವ ಅಂಗಳದಲ್ಲಿ ಸುರಿಯುವುದು? ಅಲ್ಲಿ ತೀರುವ ಸಾಲವಿಲ್ಲ, ಮುಗಿಯುವ ಶಿಕ್ಷೆಯೂ ಇಲ್ಲ. ಹುಡುಗನು ತಿಂಗಳುಗಟ್ಟಲೆ ಸೇವೆ ಮಾಡಿದರೂ ನೊಂದವರು ಕ್ಷಮಿಸಲೇಬೇಕೆಂಬ ನಿಯಮವಿಲ್ಲ. ಅವರ ಬಾಗಿಲಿಗೆ ಅವನನ್ನು ಕರೆದೊಯ್ಯುವಾಗ ತಂದೆಯು ಇದನ್ನು ಮಗನಿಗೆ ಮೊದಲೇ ತಿಳಿಸಿರಬೇಕು. ಕ್ಷಮೆಯನ್ನು ಗಳಿಸುವ ಉಪಾಯವಾಗಿ ಸೇವೆಯನ್ನು ಮಾಡಿದರೆ ಅದು ಮತ್ತೊಂದು ವ್ಯಾಪಾರವಾಗುತ್ತದೆ. ನೊಂದವರ ಮೇಲೆ ಇನ್ನೊಂದು ಹೊರೆಯಾಗುತ್ತದೆ.

ಬಾಗಿಲು ತಟ್ಟಿದಾಗ ಒಳಗಿನಿಂದ, ಆ ಹುಡುಗನ ಮುಖವನ್ನು ನೋಡಲಾರೆ, ಹೋಗಿರಪ್ಪಾ, ಎಂಬ ಉತ್ತರವೂ ಬರಬಹುದು. ಆಗ ತಂದೆಮಕ್ಕಳು ವಾದಿಸದೆ ಹಿಂದಿರುಗಬೇಕು. ಬಲಿಪಾಡ್ಯಮಿಯಿಂದ ಕಾರ್ತಿಕದ ಕೊನೆಯ ಸೋಮವಾರಕ್ಕೆ ಮೂರು ನಾಲ್ಕು ವಾರಗಳ ಅಂತರ. ಅಂದು ದೊಡ್ಡ ಬಸವನ ಗುಡಿಯ ಬೀದಿಯುದ್ದಕ್ಕೂ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಅದರೊಳಗೆ ಆ ಬಾಗಿಲು ತೆರೆಯಬಹುದು, ತೆರೆಯದೆಯೂ ಇರಬಹುದು. ಅಲ್ಲಿಯವರೆಗೆ ಪ್ರತಿದಿನ ಬೆಳಗ್ಗೆ ಆ ಮನೆಯ ಮುಂದಿನ ಬೀದಿಯನ್ನು ಗುಡಿಸಿ, ಹಾಲಿನ ಪೊಟ್ಟಣವನ್ನು ಗೇಟಿನ ಒಳಗಿಟ್ಟು, ಗಂಟೆಯನ್ನು ಒತ್ತದೆ ಹುಡುಗನು ಶಾಲೆಗೆ ಹೋಗಬಹುದು.